ಹದಿಹರೆಯದ ಮಕ್ಕಳೊಡನೆ ಹಡಗಿನ ವಿಹಾರ: ಯಾವ ಕ್ರೂಸ್ ಆರಿಸಬೇಕು?

ಎಂಟು ವರ್ಷದ ಮಗುವನ್ನು ಕ್ರೂಸ್ ಹಡಗಿನಲ್ಲಿ ವಿಹಾರಕ್ಕೆ ಕರೆದೊಯ್ಯುವುದು ಸುಲಭ. ಈಜುಕೊಳವೊಂದಿದ್ದರೆ ಅದರ ದಿನ ಕಳೆದುಹೋಗುತ್ತದೆ. ಅಜ್ಜ ಅಜ್ಜಿಯರ ವಿಷಯದಲ್ಲೂ ಹೆಚ್ಚಿನ ಚಿಂತೆಯಿಲ್ಲ. ಡೆಕ್ಕಿನ ಮೇಲೊಂದು ಕುರ್ಚಿ, ಹೊತ್ತಿಗೆ ಸರಿಯಾಗಿ ಕಾಫಿ, ಕಣ್ಣೆದುರು ಕಡಲು ಇದ್ದರೆ ಅವರು ತೃಪ್ತರು. ತೊಡಕು ಎದುರಾಗುವುದು ಹದಿಮೂರರಿಂದ ಹದಿನೇಳು ವರ್ಷದವರ ವಿಷಯದಲ್ಲಿ. ಮಕ್ಕಳ ಆಟದ ಕೋಣೆಗೆ ಅವರು ದೊಡ್ಡವರಾದರು. ರಾತ್ರಿ ಒಂಬತ್ತರ ನಂತರ ರಂಗೇರುವ ಬಾರ್, ಕ್ಯಾಸಿನೊಗಳಿಗೆ ಇನ್ನೂ ಚಿಕ್ಕವರು. ಸದಾ ಅಪ್ಪ ಅಮ್ಮನ ಪಕ್ಕದಲ್ಲಿ ಕೂರಲು ಮನಸ್ಸಿಲ್ಲ. ಲಕ್ಷಾಂತರ ರೂಪಾಯಿ ತೆತ್ತು ಹೊರಟ ಪ್ರವಾಸದಲ್ಲಿ ಮಗನೋ ಮಗಳೋ ಕಿಟಕಿಯಿಲ್ಲದ ಕ್ಯಾಬಿನ್ನಿನೊಳಗೆ ಮೊಬೈಲ್ ಹಿಡಿದು ಮುಖ ಊದಿಸಿಕೊಂಡು ಮಲಗಿರುವ ದೃಶ್ಯ ಅಪರೂಪವೇನಲ್ಲ.

ಕರ್ನಾಟಕದ ಮಧ್ಯಮವರ್ಗದ ಅನೇಕ ಕುಟುಂಬಗಳಿಗೆ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯೇ ಎಲ್ಲರೂ ಕೂಡಿ ಹೋಗುವ ಕೊನೆಯ ದೊಡ್ಡ ಪ್ರವಾಸದ ಕಾಲ. ಆನಂತರ ಪಿಯುಸಿ, ಸಿಇಟಿ, ನೀಟ್, ಹಾಸ್ಟೆಲ್ ಎಂದು ಮಕ್ಕಳ ದಾರಿ ಬೇರೆಯಾಗುತ್ತದೆ. ಹೀಗಿರುವಾಗ ಹಡಗಿನ ಆಯ್ಕೆ ತಪ್ಪಿದರೆ ನಷ್ಟ ಕೇವಲ ಹಣದ್ದಾಗಿರುವುದಿಲ್ಲ. ಪ್ರವಾಸ ಏಜೆಂಟರು ಸಾಮಾನ್ಯವಾಗಿ ಹಡಗಿನ ಗಾತ್ರ, ಊಟದ ವೈಭವ, ಭೇಟಿ ನೀಡುವ ಬಂದರುಗಳ ಪಟ್ಟಿಯನ್ನು ಮುಂದಿಡುತ್ತಾರೆ. ಹದಿಹರೆಯದವರಿರುವ ಕುಟುಂಬ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ರಾತ್ರಿ ಊಟವಾದ ಮೇಲೆ ನಮ್ಮ ಹುಡುಗ ಅಥವಾ ಹುಡುಗಿ ಎಲ್ಲಿರುತ್ತಾರೆ, ಯಾರ ಜೊತೆಗಿರುತ್ತಾರೆ? ಇದಕ್ಕೆ ತೃಪ್ತಿಕರ ಉತ್ತರ ದೊರೆತರೆ ಉಳಿದ ಕೊರತೆಗಳನ್ನು ಹೇಗೋ ಸುಧಾರಿಸಿಕೊಳ್ಳಬಹುದು.

ವಯಸ್ಸಿನ ಗೆರೆ ಎಲ್ಲಿದೆ?

ದೊಡ್ಡ ಕ್ರೂಸ್ ಕಂಪನಿಗಳು ಹದಿಹರೆಯದವರಿಗೆಂದೇ ಪ್ರತ್ಯೇಕ ಕ್ಲಬ್ ನಡೆಸುತ್ತವೆ. ಸಂಗೀತ, ವಿಡಿಯೊ ಗೇಮ್, ಕ್ರೀಡಾ ಪಂದ್ಯ, ಸಿನಿಮಾ, ತಡರಾತ್ರಿಯ ಪಾರ್ಟಿಗಳಿರುವ ಈ ತಾಣಗಳಿಗೆ ತಂದೆ ತಾಯಿಯರಿಗೂ ಪ್ರವೇಶವಿಲ್ಲ. ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ. ಆದರೆ ಯಾವ ವಯಸ್ಸಿನವರು ಯಾವ ಗುಂಪಿಗೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕಾರ್ನಿವಲ್, ಎಂಎಸ್‌ಸಿ ಹಡಗುಗಳಲ್ಲಿ 12ರಿಂದ 14 ಮತ್ತು 15ರಿಂದ 17 ಎಂಬ ಎರಡು ಗುಂಪುಗಳಿವೆ. ನಾರ್ವೀಜಿಯನ್ ಕಂಪನಿಯಲ್ಲಿ 13ರಿಂದ 17ರವರೆಗೆ ಎಲ್ಲರೂ ಒಂದೇ. ಡಿಸ್ನಿಯಲ್ಲಿ 11ರಿಂದ 14 ಒಂದು, 14ರಿಂದ 17 ಇನ್ನೊಂದು. ಅಂದರೆ ಹದಿನಾಲ್ಕು ವರ್ಷದವರು ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು.

ಕಾಗದದ ಮೇಲೆ ಇದು ಸಣ್ಣ ವಿವರವಾಗಿ ಕಾಣುತ್ತದೆ. ಹದಿನಾಲ್ಕರ ಅಕ್ಕ, ಹನ್ನೊಂದರ ತಮ್ಮ ಇರುವ ಮನೆಯಲ್ಲಿ ಪ್ರವಾಸದ ಸೊಗಸೆಲ್ಲ ಇದರ ಮೇಲೆಯೇ ನಿಂತಿರಬಹುದು. ಡಿಸ್ನಿ ಹಡಗಿನಲ್ಲಿ ಇಬ್ಬರೂ ಒಂದೆಡೆ ಕಲೆಯಬಹುದು, ರಾಯಲ್ ಕೆರೀಬಿಯನ್‌ನಲ್ಲಿ ಸಾಧ್ಯವಿಲ್ಲ. ಅಕ್ಕನಿಗೆ ಅದೇ ಸಮಾಧಾನದ ಸಂಗತಿಯಾದರೂ ಆದೀತು. ಕೇಳಿ ನೋಡುವುದು ಒಳ್ಳೆಯದು. ಇನ್ನು ದ್ವಿತೀಯ ಪಿಯುಸಿ ಮುಗಿಸಿ ಹದಿನೆಂಟು ತುಂಬಿದವರು ಈ ಯಾವ ಕ್ಲಬ್ಬಿಗೂ ಸೇರುವುದಿಲ್ಲ. ಪರೀಕ್ಷೆ ಮುಗಿದ ಸಂಭ್ರಮಕ್ಕೆಂದು ಕ್ರೂಸ್ ಹಮ್ಮಿಕೊಳ್ಳುವವರು ಈ ಅಂಶವನ್ನು ಮರೆಯಬಾರದು.

ಮದ್ಯದ ವಿಷಯದಲ್ಲೂ ವಯಸ್ಸಿನ ಲೆಕ್ಕ ಮಾರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ರಾಯಲ್ ಕೆರೀಬಿಯನ್ ಹಡಗು ಉತ್ತರ ಅಮೆರಿಕದಿಂದ ಹೊರಟರೆ ಕನಿಷ್ಠ ವಯಸ್ಸು 21. ಅದೇ ಕಂಪನಿಯ ಹಡಗು ಏಷ್ಯಾ ಅಥವಾ ಯುರೋಪಿನಿಂದ ಹೊರಟರೆ 18. ಹದಿನೆಂಟರ ಮಗನಿರುವ ಪೋಷಕರು ಇದನ್ನು ಹಡಗು ಹತ್ತಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ರಜೆಯ ಲೆಕ್ಕಾಚಾರ

ಕ್ಲಬ್ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಹುಡುಗರಿಲ್ಲದಿದ್ದರೆ ಅದು ಖಾಲಿ ಕೋಣೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಮಕ್ಕಳಿಗೆ ರಜೆ ಇದ್ದಾಗ ಹಡಗಿನಲ್ಲಿರುವ ಇತರ ದೇಶಗಳ ಮಕ್ಕಳಿಗೂ ರಜೆ ಇರುತ್ತದೆಂದು ಭಾವಿಸುವುದು ಸಹಜ, ವಾಸ್ತವ ಹಾಗಿಲ್ಲ.

ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಅಂತ್ಯದವರೆಗೆ. ದಸರೆಗೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಎರಡು ಮೂರು ವಾರ. ಯುರೋಪಿನ ಮಕ್ಕಳು ಗುಂಪುಗುಂಪಾಗಿ ಹಡಗು ಹತ್ತುವುದು ಜುಲೈ–ಆಗಸ್ಟ್‌ನಲ್ಲಿ. ಅಮೆರಿಕದವರದು ಮಾರ್ಚ್ ಸುಮಾರಿನ ವಸಂತದ ರಜೆ, ಅದು ಬಿಟ್ಟರೆ ಜೂನ್‌ನಿಂದ ಆಗಸ್ಟ್. ಸಿಂಗಪುರದ ಶಾಲೆಗಳಿಗೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದೊಂದು ವಾರ, ಜೂನ್‌ನಲ್ಲಿ ನಾಲ್ಕು ವಾರ, ನವೆಂಬರ್ ಉತ್ತರಾರ್ಧದಿಂದ ವರ್ಷಾಂತ್ಯದವರೆಗೆ ದೀರ್ಘ ರಜೆ. ಹೀಗಾಗಿ ಮೇ ಮೊದಲ ವಾರ ಮೆಡಿಟರೇನಿಯನ್ ಸಮುದ್ರದ ಹಡಗು ಹತ್ತಿದ ಬೆಂಗಳೂರಿನ ಹುಡುಗನಿಗೆ ಸುತ್ತ ಕಾಣುವುದು ನಿವೃತ್ತ ದಂಪತಿಗಳು. ದರ ಕಡಿಮೆ, ಜನಸಂದಣಿ ಕಡಿಮೆ, ಹವೆ ಹಿತಕರ. ಪೋಷಕರಿಗೆ ಇದು ಸ್ವರ್ಗ. ಹುಡುಗನಿಗೆ ಮಾತ್ರ ಜೊತೆಯಿಲ್ಲ.

ಜೊತೆ ಇದ್ದರೂ ಭಾಷೆಯ ಪ್ರಶ್ನೆ ಉಳಿಯುತ್ತದೆ. ಎಂಎಸ್‌ಸಿ, ಕೋಸ್ಟಾದಂಥ ಯುರೋಪ್ ಮೂಲದ ಕಂಪನಿಗಳ ಹಡಗುಗಳಲ್ಲಿ ಪ್ರಕಟಣೆಗಳೇ ಹಲವು ಭಾಷೆಗಳಲ್ಲಿ ನಡೆಯುತ್ತವೆ. ಇಟಾಲಿಯನ್, ಸ್ಪ್ಯಾನಿಷ್, ಜರ್ಮನ್ ಮಾತನಾಡುವ ಹುಡುಗರು ತಮ್ಮ ತಮ್ಮಲ್ಲೇ ಗುಂಪುಗೂಡುತ್ತಾರೆ. ಎಲ್ಲರೊಡನೆ ಬೇಗ ಬೆರೆಯುವ ಸ್ವಭಾವದವರಿಗೆ ಇದೊಂದು ಮೋಜು. ಸಂಕೋಚದ ಸ್ವಭಾವದವರಿಗೆ ಕಷ್ಟ.

ಏಪ್ರಿಲ್–ಮೇ ರಜೆಯಲ್ಲೇ ಹೋಗಬೇಕೆನ್ನುವವರಿಗೆ ಭಾರತೀಯ ಕುಟುಂಬಗಳು ಹೆಚ್ಚಾಗಿ ಪಯಣಿಸುವ ಸಿಂಗಪುರ ಅಥವಾ ಮುಂಬೈ ಮಾರ್ಗಗಳೇ ಮೇಲು. ಡಿಸೆಂಬರ್ ಕೊನೆಯ ವಾರದಲ್ಲಿ ಎಲ್ಲರ ರಜೆಯೂ ಒಂದಾಗುತ್ತದೆ ನಿಜ, ಆದರೆ ದರ ಗಗನಕ್ಕೇರಿರುತ್ತದೆ. ಈ ಎಲ್ಲ ಲೆಕ್ಕಾಚಾರಕ್ಕೂ ಸರಳ ಪರಿಹಾರವೊಂದಿದೆ: ಜೊತೆಯನ್ನು ಮನೆಯಿಂದಲೇ ಕರೆದೊಯ್ಯುವುದು. ದೊಡ್ಡಪ್ಪ, ಚಿಕ್ಕಮ್ಮನ ಮನೆಯ ಸಮವಯಸ್ಕ ಮಕ್ಕಳಿರುವ ಕುಟುಂಬವೊಂದು ಸೇರಿಕೊಂಡರೆ ಹಡಗು ಯಾವುದಾದರೇನು, ಮಕ್ಕಳು ತಮ್ಮ ಪಾಡಿಗೆ ತಾವಿರುತ್ತಾರೆ.

ಮನೆಯ ಹತ್ತಿರದ ಕಡಲು

ಕರ್ನಾಟಕದ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರುವುದುಂಟು. ಆದರೆ ಅವು ಹೆಚ್ಚಾಗಿ ವಿದೇಶಿ ಪ್ರವಾಸಿಗರನ್ನು ಇಳಿಸಿ, ಕುದ್ರೋಳಿ, ಮೂಡುಬಿದಿರೆ ತೋರಿಸಿ, ಸಂಜೆ ಮರಳಿ ಕರೆದೊಯ್ಯುವ ಹಡಗುಗಳು. ಇಲ್ಲಿನ ಕುಟುಂಬ ಭಾರತದ ಕ್ರೂಸ್ ಹತ್ತಬೇಕೆಂದರೆ ಮುಖ್ಯವಾಗಿ ಮುಂಬೈಯತ್ತ ನೋಡಬೇಕು.

ಅಲ್ಲಿಯ ಕ್ರೂಸ್ ಉದ್ಯಮದ ಚರಿತ್ರೆ ಏರಿಳಿತಗಳಿಂದ ಕೂಡಿದೆ. 2018ರ ಅಕ್ಟೋಬರ್‌ನಲ್ಲಿ ಮುಂಬೈ–ಗೋವಾ ನಡುವೆ ‘ಆಂಗ್ರಿಯಾ’ ಸಂಚಾರ ಆರಂಭಿಸಿತು. 2019ರಲ್ಲಿ ಬಂದ ಜಲೇಶ್ ಕಂಪನಿಯ ‘ಕರ್ನಿಕಾ’ 2020ರಲ್ಲಿ, ಕೋವಿಡ್ ವರ್ಷದಲ್ಲೇ, ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಸೇರಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಬಂತು. 2023ರ ನವೆಂಬರ್‌ನಿಂದ ಕೆಲವು ತಿಂಗಳು ಇಟಲಿಯ ‘ಕೋಸ್ಟಾ ಸೆರೆನಾ’ ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪಗಳ ನಡುವೆ ಓಡಾಡಿ ಮರಳಿತು. ಹೀಗಾಗಿ ಹಳೆಯ ಜಾಹೀರಾತು, ಬಂಧುಗಳ ಹಳೆಯ ಅನುಭವವನ್ನು ನೆಚ್ಚಿಕೊಂಡು ಈ ಮಾರ್ಗದಲ್ಲಿ ಯೋಜನೆ ಹಾಕಿಕೊಳ್ಳುವಂತಿಲ್ಲ.

ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಾಣಗೊಂಡ ಹಡಗು. ರಾಯಲ್ ಕೆರೀಬಿಯನ್ ಕಂಪನಿಗೆ ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ದುಡಿದದ್ದು. ಅದರ ಗಾತ್ರ ಸುಮಾರು 48,500 ಗ್ರಾಸ್ ಟನ್. 2024ರ ಜನವರಿಯಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ 2,48,663 ಗ್ರಾಸ್ ಟನ್ನಿನದು. (ಗ್ರಾಸ್ ಟನ್ ಎಂಬುದು ತೂಕದ ಅಳತೆಯಲ್ಲ, ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ.) ಅಂದರೆ ಯೂಟ್ಯೂಬ್‌ನಲ್ಲಿ ದೈತ್ಯ ಹಡಗುಗಳ ಜಾರುಬಂಡಿಗಳನ್ನು ನೋಡಿ ಬೆಳೆದ ಹುಡುಗನಿಗೆ ‘ಕ್ರೂಸ್‌ಗೆ ಹೋಗೋಣ’ ಎಂದಷ್ಟೇ ಹೇಳಿ ಮುಂಬೈಗೆ ಕರೆತಂದರೆ ನಿರಾಸೆ ಖಂಡಿತ. ಅದೇ ಹುಡುಗನಿಗೆ ಮೊದಲೇ ವಸ್ತುಸ್ಥಿತಿ ತಿಳಿಸಿದರೆ ಎರಡು ರಾತ್ರಿಯ ಪಯಣ ಒಳ್ಳೆಯ ಪರೀಕ್ಷೆ: ಸಮುದ್ರದ ಓಲಾಟ ಮೈಗೆ ಒಗ್ಗುವುದೇ, ಹಡಗಿನ ಬದುಕು ಹಿಡಿಸುವುದೇ ಎಂಬುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ವಾರಾಂತ್ಯದ ಗೋವಾ ಪಯಣಗಳಲ್ಲಿ ಗೆಳೆಯರ ಗುಂಪು, ಕಚೇರಿಗಳ ತಂಡಗಳೇ ಮೆರೆಯುವ ಸಾಧ್ಯತೆ ಇರುವುದರಿಂದ ಕುಟುಂಬಗಳಿಗೆ ವಾರದ ನಡುವಣ ದಿನಗಳು ಹೆಚ್ಚು ಹಿತ.

ಹದಿಹರೆಯದವರ ದೃಷ್ಟಿಯಿಂದ ನೋಡಿದರೆ ಗೋವಾಕ್ಕಿಂತ ಲಕ್ಷದ್ವೀಪದ ಮಾರ್ಗಕ್ಕೆ ಹೆಚ್ಚು ಅಂಕ. ಹವಳದ ದಿಬ್ಬಗಳ ನಡುವೆ ಸ್ನಾರ್ಕೆಲಿಂಗ್ ಮಾಡುವ ಅವಕಾಶ ಹಡಗಿನ ಯಾವ ಕ್ಲಬ್ಬಿಗೂ ಸಾಟಿಯಲ್ಲ. 1956ಕ್ಕೆ ಮೊದಲು ಇಲ್ಲಿನ ಅಮಿನಿದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವೆಂಬುದನ್ನು ಮಕ್ಕಳಿಗೆ ಹೇಳಬಹುದು. ದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕು. ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ. ದೂರದಲ್ಲಿ ಲಂಗರು ಹಾಕಿ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಕಡಲು ಪ್ರಕ್ಷುಬ್ಧವಾಗಿದ್ದರೆ ಇಳಿಯುವುದೇ ರದ್ದಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು. ಎಂಪ್ರೆಸ್ ಹಡಗನ್ನು ಆ ಅವಧಿಯಲ್ಲಿ ಚೆನ್ನೈಗೆ ಒಯ್ದು ಶ್ರೀಲಂಕಾ ಕಡೆ ಓಡಿಸಿದ್ದೂ ಇದೇ ಕಾರಣಕ್ಕೆ.

ಸಿಂಗಪುರದಿಂದ ಹೊರಡುವ ಹಡಗುಗಳು

ವಿದೇಶದ ಮೊದಲ ಕ್ರೂಸ್‌ಗೆ ಬೆಂಗಳೂರಿನವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಸಿಂಗಪುರವನ್ನು. ನೇರ ವಿಮಾನ, ಮೂರು–ನಾಲ್ಕು ರಾತ್ರಿಯ ಪಯಣ, ಸಸ್ಯಾಹಾರಕ್ಕೂ ಕೊರತೆಯಿಲ್ಲ. 2022ರ ಜೂನ್‌ನಿಂದ ಅಲ್ಲಿಂದ ಸಂಚರಿಸಲಾರಂಭಿಸಿದ ರೆಸಾರ್ಟ್ಸ್ ವರ್ಲ್ಡ್ ಕಂಪನಿಯ ‘ಗೆಂಟಿಂಗ್ ಡ್ರೀಮ್’ ಭಾರತೀಯ ಪ್ರಯಾಣಿಕರಿಗೆ ಚಿರಪರಿಚಿತ. ಜೈನ ಊಟವೂ ಸಿಗುತ್ತದೆ. ಜಾರುಬಂಡಿಗಳು, ಹಗ್ಗದ ಮೇಲಿನ ನಡಿಗೆ, ಜಿಪ್‌ಲೈನ್ ಇರುವುದರಿಂದ ಹಗಲು ಹೊತ್ತು ಚೆನ್ನಾಗಿ ಕಳೆಯುತ್ತದೆ. ರಾತ್ರಿಯ ಹೊತ್ತು ಆ ಹಡಗಿನ ಒಲವು ದೊಡ್ಡವರ ಕಡೆಗೆ.

ರಾಯಲ್ ಕೆರೀಬಿಯನ್ ಹಡಗುಗಳಲ್ಲಿ ಕೃತಕ ಅಲೆಯ ಮೇಲೆ ಸರ್ಫಿಂಗ್ ಮಾಡುವ ‘ಫ್ಲೋರೈಡರ್’ ಹುಡುಗರ ಅಚ್ಚುಮೆಚ್ಚು. ಮಲಗಿ ಸವಾರಿ ಮಾಡಲು 52 ಅಂಗುಲ, ನಿಂತು ಮಾಡಲು 58 ಅಂಗುಲ ಎತ್ತರ ಕಡ್ಡಾಯ. ಪೋಷಕರು ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕು. ಈ ಸೌಲಭ್ಯ ಕಂಪನಿಯ ಎಲ್ಲ ಹಡಗುಗಳಲ್ಲೂ ಇಲ್ಲ; ಆದ್ದರಿಂದ ಕಂಪನಿಯ ಹೆಸರು ನೋಡಿ ಟಿಕೆಟ್ ಕಾಯ್ದಿರಿಸದೆ ಹಡಗಿನ ಹೆಸರು ನೋಡಿ ಕಾಯ್ದಿರಿಸಬೇಕು.

ಮೂರನೆಯದು ‘ಡಿಸ್ನಿ ಅಡ್ವೆಂಚರ್’. ಜರ್ಮನಿಯ ವಿಸ್ಮಾರ್‌ನಲ್ಲಿ ಪೂರ್ಣಗೊಂಡ, ಸುಮಾರು 6,700 ಪ್ರಯಾಣಿಕರ ಸಾಮರ್ಥ್ಯದ ಈ ಹಡಗಿನ ಸಿಂಗಪುರ ಸಂಚಾರ 2025ರ ಡಿಸೆಂಬರ್‌ನಲ್ಲಿ ಆರಂಭವಾಗಬೇಕಿತ್ತು. ಅದನ್ನು 2026ರ ಮಾರ್ಚ್‌ಗೆ ಮುಂದೂಡಲಾಯಿತು. ಮೂರು ಅಥವಾ ನಾಲ್ಕು ರಾತ್ರಿಯ ಇದರ ಪಯಣದಲ್ಲಿ ಯಾವ ಬಂದರಿನಲ್ಲೂ ಇಳಿಯುವುದಿಲ್ಲ, ಹಡಗೇ ಪ್ರವಾಸದ ತಾಣ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊ ಇಲ್ಲದಿರುವುದು ಅನೇಕ ಪೋಷಕರಿಗೆ ನೆಮ್ಮದಿ. ಆದರೆ ಮಿಕ್ಕಿಮೌಸ್ ಎಂದರೆ ಮೂಗು ಮುರಿಯುವ ಹದಿನಾರರ ಹುಡುಗನೂ ಇರುತ್ತಾನೆ. ಟಿಕೆಟ್ ಕೊಳ್ಳುವ ಮುನ್ನ ಅವನ ಅಭಿಪ್ರಾಯ ಕೇಳದಿದ್ದರೆ ನಾಲ್ಕು ದಿನ ಅವನ ಮುಖ ನೋಡಬೇಕಾದೀತು.

ಇಳಿದು ನೋಡುವ ಪ್ರವಾಸಗಳು

ಇತಿಹಾಸ, ಭೂಗೋಳಗಳಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಮೆಡಿಟರೇನಿಯನ್ ಒಂದು ತೆರೆದ ಪುಸ್ತಕ. ಆದರೆ ನಕ್ಷೆಯಲ್ಲಿ ಕಾಣುವ ಹೆಸರು ಮೋಸಗೊಳಿಸುತ್ತದೆ. ‘ರೋಮ್’ ಎಂದು ಬರೆದಿದ್ದರೆ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ; ಅಲ್ಲಿಂದ ರೋಮ್‌ಗೆ ಸುಮಾರು 80 ಕಿ.ಮೀ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ ಬಂದರು. ಅಲ್ಲಿಂದ ಸುಮಾರು 90 ಕಿ.ಮೀ. ಬೆಳಿಗ್ಗೆ ಆರಕ್ಕೆ ಎದ್ದು, ಬಸ್ಸಿನಲ್ಲಿ ಕುಳಿತು, ಬಿಸಿಲಿನಲ್ಲಿ ನಡೆದು, ಸಂಜೆಯೊಳಗೆ ಮರಳಬೇಕು. ರಾತ್ರಿ ಒಂದರವರೆಗೆ ಎಚ್ಚರವಿದ್ದು ಹತ್ತಕ್ಕೆ ಏಳುವ ವಯಸ್ಸಿನವರಿಗೆ ಏಳು ದಿನದಲ್ಲಿ ಆರು ಬಂದರು ಶಿಕ್ಷೆಯೇ ಸರಿ. ಪ್ರತಿ ಎರಡು ಬಂದರಿಗೆ ಒಂದು ಪೂರ್ಣ ದಿನ ಕಡಲಿನಲ್ಲೇ ಕಳೆಯುವ ಮಾರ್ಗವಿದ್ದರೆ ಅದು ಉತ್ತಮ. ನೇಪಲ್ಸ್‌ನಿಂದ ಸುಮಾರು 25 ಕಿ.ಮೀ. ದೂರದ ಪೊಂಪೈ ಅವಶೇಷಗಳು ಇದಕ್ಕೆಲ್ಲ ಅಪವಾದ. ಬೂದಿಯಡಿ ಹುದುಗಿದ ಆ ಊರು ಎಂಥ ಉದಾಸೀನ ಹುಡುಗನನ್ನೂ ಹಿಡಿದು ನಿಲ್ಲಿಸೀತು.

ತಾವಾಗಿಯೇ ಊರು ಸುತ್ತಲು ಹೋದವರು ತಡಮಾಡಿದರೆ ಹಡಗು ಕಾಯುವುದಿಲ್ಲ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಮಾತ್ರ ಕಾಯುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ಬಂಧುಗಳು ಬಂದಾಗ ಫ್ಲಾರಿಡಾದಿಂದ ಕೆರೀಬಿಯನ್‌ಗೆ ಒಟ್ಟಾಗಿ ಹೋಗುವುದುಂಟು. ಜೂನ್ ಮೊದಲಾರ್ಧದಲ್ಲಿ ಅಲ್ಲಿ ಶಾಲೆ ಮುಗಿದಿರುತ್ತದೆ, ಇಲ್ಲಿ ಆರಂಭವಾಗಿರುತ್ತದೆ. ಇಲ್ಲಿಂದ ಹೋಗುವ ಮಕ್ಕಳಿಗೆ ಕೆಲವು ದಿನಗಳ ತರಗತಿ ತಪ್ಪುವುದನ್ನು ಒಪ್ಪಿಕೊಂಡರೆ ಸೋದರಸಂಬಂಧಿಗಳ ಜೊತೆ ಸಿಗುತ್ತದೆ.

ಸ್ವಾತಂತ್ರ್ಯಕ್ಕೆ ಎಷ್ಟು ಹಗ್ಗ?

ಹಡಗು ಒಂದು ಆವರಿಸಿದ ಲೋಕ, ಅಲ್ಲಿ ಮಕ್ಕಳು ಎಲ್ಲಿಗೂ ಹೋಗಲಾರರು ಎಂಬ ನಂಬಿಕೆಯಿಂದ ಪೋಷಕರು ನಿರಾಳರಾಗುತ್ತಾರೆ. ಭಾಗಶಃ ಇದು ನಿಜ. ಆದರೆ ಆರು ಸಾವಿರ ಅಪರಿಚಿತರಿರುವ ಊರು ಎಂದರೂ ಅದೇ. ಅಮೆರಿಕ 2010ರಲ್ಲಿ ಕ್ರೂಸ್ ಹಡಗುಗಳ ಭದ್ರತೆಗೆಂದೇ ಕಾಯ್ದೆ ಮಾಡಿ, ಅಲ್ಲಿನ ಬಂದರುಗಳನ್ನು ಬಳಸುವ ಹಡಗುಗಳಲ್ಲಿ ಕ್ಯಾಬಿನ್ ಬಾಗಿಲಿಗೆ ಹೊರಗಿನವರನ್ನು ನೋಡುವ ಕಿಂಡಿ, 42 ಅಂಗುಲ ಎತ್ತರದ ಕಟಕಟೆ, ಅಪರಾಧಗಳ ವರದಿ ಕಡ್ಡಾಯಗೊಳಿಸಿದ್ದು ಸುಮ್ಮನೆ ಅಲ್ಲ.

ರಾಯಲ್ ಕೆರೀಬಿಯನ್‌ನಲ್ಲಿ 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ರಾತ್ರಿ ಒಂದರ ನಂತರ ಒಬ್ಬರೇ ಓಡಾಡುವಂತಿಲ್ಲ. ನಮ್ಮ ಮನೆಗಳ ಲೆಕ್ಕದಲ್ಲಿ ಅದೂ ತಡವೇ. ಎಷ್ಟು ಗಂಟೆಗೆ ಕ್ಯಾಬಿನ್ನಿಗೆ ಮರಳಬೇಕು, ಯಾವ ಡೆಕ್ಕುಗಳಿಗೆ ಹೋಗಬಹುದು, ಬೇರೆಯವರ ಕ್ಯಾಬಿನ್ನಿನೊಳಗೆ ಯಾವ ಕಾರಣಕ್ಕೂ ಹೋಗಬಾರದು ಎಂಬ ಮಾತುಗಳು ಹೊರಡುವ ಮೊದಲೇ ಮನೆಯಲ್ಲಿ ಇತ್ಯರ್ಥವಾಗಬೇಕು. ಮಗಳಿಗೊಂದು, ಮಗನಿಗೊಂದು ನಿಯಮ ಮಾಡಿದರೆ ಅದರ ಜಗಳ ಹಡಗಿನಲ್ಲೂ ಮುಂದುವರಿಯುತ್ತದೆ.

ತುರ್ತು ಸಂದರ್ಭದ ತಾಲೀಮನ್ನು ಮಕ್ಕಳು ತಮಾಷೆ ಮಾಡದಂತೆ ನೋಡಿಕೊಳ್ಳಬೇಕು. 2012ರ ಜನವರಿ 13ರಂದು ಇಟಲಿಯ ಗಿಗ್ಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ದಿನ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ತಾಲೀಮು ನಡೆದಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ತಾಲೀಮು ನಡೆಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂತು. ಕುಟುಂಬದ ಎಲ್ಲರೂ ಸೇರಬೇಕಾದ ಸ್ಥಳ ಯಾವುದೆಂದು ಒಬ್ಬರೇ ಓಡಾಡುವ ಹದಿಹರೆಯದವರಿಗೆ ಬಾಯಿಪಾಠವಾಗಿರಬೇಕು.

ಹಣ, ಹಾಸಿಗೆ, ಮೊಬೈಲ್

ಟಿಕೆಟ್ ದರದಲ್ಲಿ ಕ್ಯಾಬಿನ್, ಮುಖ್ಯ ಭೋಜನಶಾಲೆಯ ಊಟ, ರಂಗಪ್ರದರ್ಶನ, ಈಜುಕೊಳ, ಹದಿಹರೆಯದವರ ಕ್ಲಬ್ ಸೇರಿರುತ್ತವೆ. ತಂಪು ಪಾನೀಯ, ಇಂಟರ್ನೆಟ್, ವಿಶೇಷ ರೆಸ್ಟೊರೆಂಟ್, ವಿಡಿಯೊ ಗೇಮ್ ಕೇಂದ್ರ, ಬಂದರಿನ ಪ್ರವಾಸ ಎಲ್ಲಕ್ಕೂ ಬೇರೆ ಹಣ. ಅಮೆರಿಕ ಮೂಲದ ಕಂಪನಿಗಳು ತಲೆಗೆ ದಿನಕ್ಕೆ 15ರಿಂದ 20 ಡಾಲರ್‌ವರೆಗೆ ಟಿಪ್ಸ್ ವಿಧಿಸುತ್ತವೆ. ಮೂವರ ಕುಟುಂಬಕ್ಕೆ ನಾಲ್ಕು ರಾತ್ರಿಗೆ ಇದೊಂದೇ 180ರಿಂದ 240 ಡಾಲರ್. ‘ಮಕ್ಕಳಿಗೆ ಉಚಿತ’ ಎಂಬ ಜಾಹೀರಾತುಗಳ ವಯೋಮಿತಿ ಸಾಮಾನ್ಯವಾಗಿ ಹನ್ನೆರಡಕ್ಕೆ ಮುಗಿಯುತ್ತದೆ. ಹಡಗಿನಲ್ಲಿ ಹಣದ ಬದಲು ಕ್ಯಾಬಿನ್ ಕಾರ್ಡ್ ಬಳಸುವುದರಿಂದ ಮಕ್ಕಳಿಗೆ ಖರ್ಚಿನ ಅರಿವಾಗದು. ಅವರ ಕಾರ್ಡಿಗೆ ಮಿತಿ ಹಾಕುವಂತೆ ಹಡಗು ಹತ್ತಿದ ದಿನವೇ ಸ್ವಾಗತ ಕೌಂಟರಿನಲ್ಲಿ ಕೇಳುವುದು ಒಳ್ಳೆಯದು.

ಕ್ಯಾಬಿನ್ನುಗಳು 120ರಿಂದ 180 ಚದರ ಅಡಿಯವು. ಮೂರನೆಯವರ ಹಾಸಿಗೆ ಸೋಫಾ ಆಗಿರಬಹುದು, ಇಲ್ಲವೇ ಚಾವಣಿಯಿಂದ ಇಳಿಯುವ ರೈಲಿನ ಬರ್ತಿನಂಥದ್ದು. ಆರಡಿ ಎತ್ತರದ ಮಗನಿದ್ದರೆ ಇದನ್ನು ವಿಚಾರಿಸಲೇಬೇಕು. ಬಾಲ್ಕನಿಯ ಒಂದೇ ಕ್ಯಾಬಿನ್‌ಗೆ ತೆರುವ ಹಣದಲ್ಲಿ ಕೆಲವೊಮ್ಮೆ ಕಿಟಕಿಯಿಲ್ಲದ ಎರಡು ಅಕ್ಕಪಕ್ಕದ ಕ್ಯಾಬಿನ್ ಸಿಗುತ್ತವೆ. ಹದಿಹರೆಯದವರಿರುವ ಕುಟುಂಬಕ್ಕೆ ಕಡಲ ನೋಟಕ್ಕಿಂತ ಎರಡನೇ ಸ್ನಾನದ ಕೋಣೆಯೇ ಹೆಚ್ಚು ಉಪಕಾರಿ.

ಮೊಬೈಲನ್ನು ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಬೇಕು. ನಡುಗಡಲಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿಯೇ ಸೇರಿಕೊಂಡರೆ ಬರುವ ರೋಮಿಂಗ್ ಬಿಲ್ಲು ಎದೆ ನಡುಗಿಸುವಂಥದ್ದು. ಇಂಟರ್ನೆಟ್ ಪ್ಯಾಕೇಜನ್ನು ಪ್ರತಿ ಮೊಬೈಲಿಗೂ ಬೇರೆಯಾಗಿ ಮಾರುತ್ತಾರೆ. ಮಕ್ಕಳಿಗೆ ಅದು ಬೇಕೇ ಬೇಡವೇ ಎಂಬ ಚರ್ಚೆಯನ್ನು ಬೆಂಗಳೂರಿನಲ್ಲೇ ಮುಗಿಸಿ ಹೊರಡಬೇಕು.

ಪಾಸ್‌ಪೋರ್ಟ್ ಮತ್ತು ಪರೀಕ್ಷೆ

ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಹತ್ತನೇ ವಯಸ್ಸಿನಲ್ಲಿ ಮಾಡಿಸಿದ್ದು ಹದಿನೈದಕ್ಕೆ ಸರಿಯಾಗಿ ಕೈಕೊಡುತ್ತದೆ. ಪ್ರಯಾಣದ ದಿನದಿಂದ ಆರು ತಿಂಗಳ ಅವಧಿ ಉಳಿದಿರಬೇಕೆಂಬುದನ್ನೂ ಸೇರಿಸಿಕೊಳ್ಳಬೇಕು. ಸಿಂಗಪುರದಿಂದ ಹೊರಟ ಹಡಗು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಮರಳುವುದಾದರೆ ಸಿಂಗಪುರಕ್ಕೆ ಎರಡನೇ ಬಾರಿ ಪ್ರವೇಶಿಸುವ ವೀಸಾ ಬೇಕು. ಯುರೋಪಿಗೆ ಷೆಂಗೆನ್ ವೀಸಾ ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮಗುವಿನೊಡನೆ ತಂದೆ ಅಥವಾ ತಾಯಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ನೋಟರಿ ಒಪ್ಪಿಗೆಪತ್ರ ಜೊತೆಗಿರಲಿ.

ಕೊನೆಯದಾಗಿ ದಿನಾಂಕ. ವಿದೇಶಿ ಕ್ರೂಸ್‌ಗಳ ಪೂರ್ಣ ಹಣವನ್ನು ಎರಡೂವರೆಯಿಂದ ಮೂರು ತಿಂಗಳು ಮೊದಲೇ ಕಟ್ಟಬೇಕಾಗುತ್ತದೆ; ಆ ಬಳಿಕ ರದ್ದುಪಡಿಸಿದರೆ ದಂಡ. ಇತ್ತ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮತ್ತೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ಅವಕಾಶ ಬಂದಿದೆ. ಎಸ್ಸೆಸ್ಸೆಲ್ಸಿಯ ಎರಡನೇ ಪರೀಕ್ಷೆ 2024ರಲ್ಲಿ ಜೂನ್ ಮಧ್ಯದಲ್ಲಿ ನಡೆದರೆ, 2025ರಲ್ಲಿ ಮೇ ಕೊನೆಯ ವಾರಕ್ಕೆ ಬಂತು. ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾನುವಾರದ ಸುಮಾರಿಗೆ ನೀಟ್. ಮೊದಲ ಫಲಿತಾಂಶ ಕೈಗೆ ಬರುವ ಮೊದಲೇ ಹಡಗಿನ ಹಣ ಪೂರ್ತಿ ಕಟ್ಟಿರಬೇಕಾದ ಈ ಸಂದಿಗ್ಧದಲ್ಲಿ, ದಿನಾಂಕ ಬದಲಿಸುವ ಅವಕಾಶವಿದೆಯೇ, ಅದಕ್ಕೆ ತಲೆಗೆ ಎಷ್ಟು ಶುಲ್ಕ ಎಂಬುದನ್ನು ಏಜೆಂಟರಿಂದ ಬಾಯಿಮಾತಿನಲ್ಲಿ ಕೇಳಿ ಬಿಡದೆ ಲಿಖಿತವಾಗಿ ಪಡೆಯಬೇಕು.